ಸ್ಲೇಟಿಗಿಂತ ಮೊದಲು

ಕಳೆದ ಭಾನುವಾರ ನಮ್ಮ ವಾಚನಾಲಯಕ್ಕೆ ಬಂದ ಮಿತ್ರರೊಬ್ಬರು ತಮ್ಮ ನಾಲ್ಕು ವರ್ಷದ ಮಗನನ್ನು ಮುಂದೆ ನಿಲ್ಲಿಸಿ, “ಇವನಿಗೆ ನೂರರವರೆಗೆ ಬರೆಯಲು ಬರುವುದಿಲ್ಲ, ಪಕ್ಕದ ಮನೆಯ ಹುಡುಗ ಬರೆಯುತ್ತಾನೆ” ಎಂದು ನೊಂದುಕೊಂಡರು. ಅಷ್ಟರಲ್ಲಿ ಹುಡುಗ ಕಪಾಟಿನತ್ತ ಕೈಮಾಡಿ, “ಅಪ್ಪಾ, ಈ ಪೇಪರು ಯಾಕೆ ಹಳದಿ?” ಎಂದ. “ಸುಮ್ಮನಿರೋ” ಎಂಬುದು ಉತ್ತರ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಮಗೂ ಕಾರಣ ಹೊಳೆಯಲಿಲ್ಲ.

ಹೊಟ್ಟೆ ತುಂಬಿ, ನಿದ್ದೆಯಾಗಿ, ಹೆದರಿಕೆಯಿಲ್ಲದ ಮಗು ಮಾತ್ರ ಹೀಗೆ ಕೇಳುತ್ತದೆ. ಇದನ್ನು ಅರಿತು ಮಾಡಿದ ಕೆಲಸವೊಂದು ಈ ದೆಹಲಿಯಲ್ಲೇ ಇದೆ. 1969ರಲ್ಲಿ ರಾಜಘಾಟದ ಬಳಿ ಗಾಂಧಿ ಶತಾಬ್ದಿಯ ಪ್ರದರ್ಶನಕ್ಕಾಗಿ ಕಟ್ಟಡಗಳು ಏಳುತ್ತಿದ್ದಾಗ, ಕೂಲಿ ತಾಯಂದಿರ ಕೂಸುಗಳು ಧೂಳಿನಲ್ಲಿ ಬಿದ್ದಿರುವುದನ್ನು ಮೀರಾ ಮಹಾದೇವನ್ ಎಂಬವರು ಕಂಡರು. ಅಲ್ಲೇ ಡೇರೆಯೊಂದರಲ್ಲಿ ಶಿಶುವಿಹಾರ ಆರಂಭವಾಯಿತು. ಮೊಬೈಲ್ ಕ್ರೆಶಸ್ ಎಂಬ ಆ ಸಂಸ್ಥೆಯವರು ಆಹಾರ, ಆರೋಗ್ಯ, ಕಲಿಕೆ ಮೂರನ್ನೂ ಒಟ್ಟಿಗೇ ನೋಡಿದರು. 1975ರ ಅಕ್ಟೋಬರ್ 2ರಂದು ಮೊದಲಾದ ಅಂಗನವಾಡಿ ಯೋಜನೆಯ ದಾರಿಯೂ ಇದೇ. ಕರ್ನಾಟಕದಲ್ಲಿ ಅದು ಮೊದಲು ಬಂದುದು ಟಿ. ನರಸೀಪುರಕ್ಕೆ.

ನಮ್ಮ ಒಂದು ಕೋಣೆಯ ಬಿಡಾರದಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳುವಿರಿ. ಚಪಾತಿ ಹಿಟ್ಟಿನ ಉಂಡೆಯೊಂದನ್ನು ಮಗುವಿನ ಕೈಗೆ ಕೊಡಿ. ನಾದಿ ಹಿಸುಕಿದ ಬೆರಳಿಗೇ ನಾಳೆ ಪೆನ್ಸಿಲು ಹಿಡಿಯುವ ಬಲ ಬರುವುದು. ರಾಜ್ಮಾ, ಕಡಲೆ, ಹೆಸರುಕಾಳು ಬೆರೆಸಿಟ್ಟರೆ ಬೇರ್ಪಡಿಸುವುದೇ ಲೆಕ್ಕದ ಪಾಠ. (ದೊಡ್ಡವರೊಬ್ಬರು ಹತ್ತಿರವೇ ಕೂತಿರಬೇಕು. ಮೂಗಿಗೆ ಕಡಲೆ ತುರುಕಿಕೊಂಡ ಮಗುವನ್ನೆತ್ತಿಕೊಂಡು ನಾವು ಆಸ್ಪತ್ರೆಗೆ ಓಡಿದ್ದುಂಟು.) ನೆನೆದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂತೇ ಎಂದು ಮಗುವೇ ಬಿಚ್ಚಿ ನೋಡಲಿ. ಮಾತು ಕನ್ನಡದಲ್ಲೇ ನಡೆಯಲಿ. ಹಿಂದಿಯನ್ನು ಬೀದಿ ಕಲಿಸುತ್ತದೆ. ಪಾಳಿ ಮುಗಿಸಿ ಬಂದವರಿಗೆ ದಣಿವಿರುತ್ತದೆ, ಬಲ್ಲೆವು. ಹತ್ತು ನಿಮಿಷವಾದರೂ ಸಾಕು. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ ಮಗಾ, ನೋಡೋಣ ಬಾ” ಎಂದರೆ ಅಪ್ಪನ ಮಾನ ಹೋಗುವುದಿಲ್ಲ.

ಬರೆಯಲು ಒತ್ತಾಯಿಸಿ, ತಪ್ಪಿದರೆ ಹೊಡೆಯುವುದನ್ನು ಮಾತ್ರ ನಾವು ಒಪ್ಪೆವು. ಆ ಮಗು ನೂರು ಬರೆದೀತು, ಪ್ರಶ್ನೆ ಕೇಳುವುದನ್ನು ಬಿಟ್ಟೀತು.

ಆ ಹುಡುಗನ ಪ್ರಶ್ನೆಗೆ ಆಮೇಲೆ ಓದಿ ತಿಳಿದೆವು: ಪತ್ರಿಕೆಯ ಕಾಗದ ಮರದ ತಿರುಳಿನದು, ಅದರಲ್ಲಿರುವ ಲಿಗ್ನಿನ್ ಎಂಬ ಅಂಶ ಬಿಸಿಲು ಗಾಳಿಗೆ ಹಳದಿಯಾಗುತ್ತದೆ. ಇದನ್ನು ಅವನಿಗೆ ಹೇಳಲಿಲ್ಲ. ಹೊಸ ಪತ್ರಿಕೆಯ ಹಾಳೆಯೊಂದನ್ನು ಕಿಟಕಿಯ ಬಿಸಿಲಿಗೆ ಹಾಕಿ, ಅರ್ಧದ ಮೇಲೆ ದಪ್ಪ ಪುಸ್ತಕ ಹೇರಿದ್ದೇವೆ. ಬರುವ ಭಾನುವಾರ ಪುಸ್ತಕ ಎತ್ತುವವನು ಅವನೇ. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟಬಾರದಾಗಿ ವಿನಂತಿ.