ಹೊಗೆ, ಹಸಿವು ಮತ್ತು ಹೊಟ್ಟೆಯ ಕೂಸು

ಬೆಳಗಿನ ಹೊತ್ತು. ಒಲೆಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಮನೆ ತುಂಬ ಹೊಗೆ. ಏಳು ತಿಂಗಳ ಬಸುರಿ ಸೊಸೆ ರೊಟ್ಟಿ ಬಡಿಯುತ್ತಿದ್ದಾಳೆ. ಕಣ್ಣಲ್ಲಿ ನೀರು. ಗಂಟಲಲ್ಲಿ ಕೆಮ್ಮು.

"ಅತ್ತೀ, ತಲಿ ತಿರಗಲಾಕತ್ತದ್ರಿ" ಅಂದಳು ಸೊಸೆ.

"ನಾವೂ ಇದೇ ಹೊಗ್ಯಾಗ ಇದ್ದು ಆರು ಹಡದೀವಿ ಬಿಡವ್ವಾ. ಊಟ ಒಂದಿಷ್ಟು ಕಡಿಮಿ ಮಾಡು. ಕೂಸು ಸಣ್ಣದಿದ್ದರ ಹೆರಿಗಿ ಹಗುರ ಆಗತದ" ಅಂದಳು ಅತ್ತೆ.

ಅತ್ತೆ ಹಡೆದದ್ದು ಆರು. ಉಳಿದದ್ದು ನಾಲ್ಕು. ಎರಡು ಕೂಸು ತಿಂಗಳು ತುಂಬುವುದರೊಳಗೆ ಹೋದವು. ಯಾಕೆ ಹೋದವು? ಆಗ ಯಾರೂ ಕೇಳಲಿಲ್ಲ. ಇಂದು ನಾವು ಕೇಳೋಣ.

ಹೊಗೆ ಕೂಸಿಗೆ ಹೇಗೆ ಮುಟ್ಟುತ್ತದೆ?

ಹೊಟ್ಟೆಯ ಕೂಸು ತಾನಾಗಿ ಉಸಿರಾಡುವುದಿಲ್ಲ. ತಾಯಿಯ ರಕ್ತದಿಂದ ಅದಕ್ಕೆ ಪ್ರಾಣವಾಯು ಸಿಗುತ್ತದೆ. ರಕ್ತದ ಕೆಂಪು ಕಣಗಳು ಬಸ್ಸು ಇದ್ದ ಹಾಗೆ. ಅವು ಪ್ರಾಣವಾಯುವನ್ನು ಕೂಡ್ರಿಸಿಕೊಂಡು ಹೋಗುತ್ತವೆ.

ಒಲೆಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದು ಕಣ್ಣಿಗೆ ಕಾಣದು. ಅದಕ್ಕೆ ವಾಸನೆಯೂ ಇಲ್ಲ. ಅದು ಬಸ್ಸಿನ ಸೀಟು ಹಿಡಿದು ಕೂತುಬಿಡುತ್ತದೆ. ಪ್ರಾಣವಾಯುವಿಗೆ ಜಾಗ ಇಲ್ಲ. ಕೂಸಿಗೆ ಬರುವ ಪ್ರಾಣವಾಯು ಕಡಿಮೆಯಾಗುತ್ತದೆ. ಹೊಗೆಯ ಸಣ್ಣ ಸಣ್ಣ ಕಣಗಳು ತಾಯಿಯ ಪುಪ್ಪುಸಕ್ಕೂ ಇಳಿಯುತ್ತವೆ.

ಬಡತನ ಹೇಗೆ ಮುಟ್ಟುತ್ತದೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಇವು ವಿಜಯಪುರ ಜಿಲ್ಲೆಯ ನಮ್ಮ ತಾಲೂಕುಗಳು. ಮಳೆ ಕೈಕೊಟ್ಟರೆ ನಮ್ಮ ಜನ ಗುಳೆ ಹೋಗುತ್ತಾರೆ. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಗೋವಾಕ್ಕೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಬಸುರಿಯೂ ಹೋಗುತ್ತಾಳೆ. ತಲೆಯ ಮೇಲೆ ಹೊರೆ. ಗುಡಿಸಲಲ್ಲಿ ಮೂರು ಕಲ್ಲಿನ ಒಲೆ. ಎಲ್ಲರೂ ಉಂಡ ಮೇಲೆ ಉಳಿದದ್ದು ಅವಳಿಗೆ. ಮೇಲೆ ಸಾಲದ ಚಿಂತೆ.

ಹೊಟ್ಟೆಗೆ ಸಾಲದಿದ್ದರೆ ರಕ್ತ ಕಡಿಮೆಯಾಗುತ್ತದೆ. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಆದರೂ ಇರಬೇಕು. ಅದಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ. ಅಂದರೆ ಬಸ್ಸುಗಳೇ ಕಡಿಮೆ. ಇದ್ದ ಬಸ್ಸಿನಲ್ಲೂ ಹೊಗೆಯೇ ಸೀಟು ಹಿಡಿದಿದೆ. ಹಸಿವೂ ಹೊಗೆಯೂ ಕೂಡಿ ಒಂದೇ ಕೂಸನ್ನು ಹೊಡೆಯುತ್ತವೆ.

ಆಗ ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದು. ತೂಕ ಎರಡೂವರೆ ಕಿಲೋಕ್ಕಿಂತ ಕಡಿಮೆ ಇರಬಹುದು. ಇಂಥ ಕೂಸಿಗೆ ಬೇಗ ಥಂಡಿ ಹತ್ತುತ್ತದೆ. ಮೊಲೆ ಚೀಪಲು ಶಕ್ತಿ ಸಾಲದು. ರೋಗ ಬೇಗ ತಗಲುತ್ತದೆ. ಕೂಸು ಸಣ್ಣದಿದ್ದರೆ ಹಗುರ ಅಲ್ಲ, ಅಪಾಯ.

2019ರಲ್ಲಿ ಭಾರತದಲ್ಲಿ ಕೆಟ್ಟ ಗಾಳಿಯ ಕಾರಣ ಸುಮಾರು 1 ಲಕ್ಷ 16 ಸಾವಿರ ಕೂಸುಗಳು ಹುಟ್ಟಿದ ತಿಂಗಳೊಳಗೆ ಸತ್ತವೆಂದು ತಜ್ಞರ ಅಂದಾಜು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾವಿಗೆ ಹೊರಗಿನ ಕೆಟ್ಟ ಗಾಳಿ ಕಾರಣ, ಉಳಿದವಕ್ಕೆ ಅಡಿಗೆ ಒಲೆಯ ಹೊಗೆ ಕಾರಣ.

ಒಲೆ ಬದಲಿಸಿದರೆ ಸಾಕೇ?

ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾ ದೇಶಗಳಲ್ಲಿ ಸುಮಾರು 3,200 ಬಸುರಿಯರನ್ನು ಸೇರಿಸಿಕೊಂಡು ಒಂದು ಪರೀಕ್ಷೆ ನಡೆಯಿತು. ನಮ್ಮ ದೇಶದಲ್ಲಿ ಅದು ನಡೆದದ್ದು ತಮಿಳುನಾಡಿನಲ್ಲಿ. ಅರ್ಧ ಮಂದಿಗೆ ಬಸುರಾದ ಮೇಲೆ ಗ್ಯಾಸ್ ಒಲೆ ಕೊಟ್ಟರು. ಹೊಗೆ ಬಹಳ ಇಳಿಯಿತು. ಆದರೆ ಕೂಸಿನ ತೂಕ ಅಷ್ಟಾಗಿ ಏರಲಿಲ್ಲ. ಈ ಫಲ ಹೊರಬಂದದ್ದು 2022ರಲ್ಲಿ.

ಇದರಿಂದ ನಾವು ಕಲಿಯುವುದೇನು? ಹೊಗೆ ಬಿಡಬೇಕು, ಅದೂ ಬಸುರಾಗುವ ಮೊದಲೇ. ಅದರ ಜೊತೆಗೆ ಊಟ, ರಕ್ತ, ವಿಶ್ರಾಂತಿ ಎಲ್ಲವೂ ಬೇಕು. ಒಂದು ಕೈಯಿಂದ ಚಪ್ಪಾಳೆ ಆಗದು.

ನಾವು ಏನು ಮಾಡೋಣ?

ಗ್ಯಾಸ್ ಇದ್ದರೆ ಹಬ್ಬಕ್ಕೆಂದು ಇಡಬೇಡಿ. ಬಸುರಿ ಇರುವ ಮನೆಯಲ್ಲಿ ದಿನಾ ಹಚ್ಚಿರಿ. ಇಲ್ಲದಿದ್ದರೆ ಒಲೆಯನ್ನು ಅಂಗಳಕ್ಕೆ ತನ್ನಿ. ಒಣ ಕಟ್ಟಿಗೆ ಹಾಕಿರಿ. ಬೆಳಕಿಂಡಿ ಮುಚ್ಚಬೇಡಿ. ಹೊಗೆಕೊಳವೆ ಇರುವ ಒಲೆ ಹಾಕಿಸಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಮಾಡಿದ ಅಸ್ತ್ರ ಒಲೆ ಇಂಥದೇ.

ಬಸುರಿ ಮೊದಲು ಉಣ್ಣಲಿ. ಅಂಗನವಾಡಿಯ ಬಿಸಿಯೂಟ ಅವಳ ಹಕ್ಕು. ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ನಾಲ್ಕನೆಯ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಗುಳಿಗೆ, ಒಟ್ಟು 180 ನುಂಗಬೇಕು. ಚಹದ ಜೊತೆ ಬೇಡ. ಊಟದಲ್ಲಿ ನಿಂಬೆಹಣ್ಣು ಇರಲಿ.

ಗುಳೆ ಹೋದರೆ ತಾಯಿ ಕಾರ್ಡು ಗಂಟಿನಲ್ಲಿರಲಿ. ಹೋದ ಊರಿನ ಸರಕಾರಿ ದವಾಖಾನೆಯಲ್ಲಿ ತೋರಿಸಿರಿ. ನೋವು ಬಂದರೆ 108ಕ್ಕೆ ಫೋನು ಮಾಡಿರಿ. ನೀರು ತರುವುದು, ಹೊರೆ ಹೊರುವುದು ಗಂಡಸರ ಕೆಲಸವೂ ಹೌದು.

ಅತ್ತೆ ಏನಂದಳು?

ಅತ್ತೆ ಪಾಠ ಕೇಳಿ ಬಹಳ ಹೊತ್ತು ಸುಮ್ಮನೆ ಕೂತಳು.

"ನನ್ನ ಆ ಎರಡೂ ಕೂಸು ಅಂಗೈಯಷ್ಟು ಇದ್ದುವವ್ವಾ. ಹಣೀಬರಹ ಅಂತ ತಿಳಿದಿದ್ದೆ" ಅಂದಳು.

ಹಣೆಬರಹ ಅಲ್ಲ. ಅತ್ತೆಯ ತಪ್ಪೂ ಅಲ್ಲ. ಆಗ ಹೇಳುವವರು ಇರಲಿಲ್ಲ.

ಮರುದಿನ ಮಗ ಒಲೆಯನ್ನು ಅಂಗಳಕ್ಕೆ ತಂದ. ಅತ್ತೆ ಮೊದಲ ಬಿಸಿ ರೊಟ್ಟಿಯನ್ನು ಸೊಸೆಯ ತಾಟಿಗೆ ಹಾಕಿದಳು.

ಕೂಡಿ ಮಾತಾಡೋಣ

1. ನಮ್ಮ ಮನೆಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ?
2. ನಮ್ಮ ಮನೆಯಲ್ಲಿ ಮೊದಲು ಉಣ್ಣುವವರು ಯಾರು? ಕೊನೆಗೆ ಯಾರು?
3. ನಮ್ಮ ಓಣಿಯ ಬಸುರಿಯರಲ್ಲಿ ಗುಳೆ ಹೋಗುವವರು ಯಾರು? ಅವರ ತಾಯಿ ಕಾರ್ಡು ಎಲ್ಲಿದೆ?