ಗಾಮನ ಹಾಯಿ ಮತ್ತು ಮಳೆಮಾರುತ

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಲಾದ ದೀಪಸ್ತಂಭದಿಂದ ಉತ್ತರಕ್ಕೆ ಕರಾವಳಿಯನ್ನು ಹಿಡಿದು ಸಾಗಿದರೆ ಮಲ್ಪೆ ದೊರೆಯುತ್ತದೆ. ಅದರ ಎದುರಿಗೆ ಸೇಂಟ್ ಮೇರಿ ದ್ವೀಪಗಳಿವೆ. ಪೋರ್ಚುಗಲ್ಲಿನ ನಾವಿಕ ವಾಸ್ಕೋ ಡ ಗಾಮನು ಮರಳುವ ದಾರಿಯಲ್ಲಿ ಇಲ್ಲಿ ಶಿಲುಬೆಯ ಕಂಬವೊಂದನ್ನು ನೆಟ್ಟನೆಂದೂ ದ್ವೀಪಗಳಿಗೆ ಆ ಹೆಸರು ಹಾಗೆ ಬಂದಿತೆಂದೂ ಪ್ರತೀತಿಯಿದೆ. ಕರಾವಳಿಯ ಸಮೀಪದ ಕಿರುದ್ವೀಪದಲ್ಲಿ 'ಸಾಂತಾ ಮರಿಯಾ' ಎಂಬ ಕಂಬವನ್ನು ನಿಲ್ಲಿಸಿದ ಸಂಗತಿಯು ಆ ಯಾತ್ರೆಯ ದಿನಚರಿಯಲ್ಲಿಯೇ ಇದೆ.

ಗಾಮನು 1497ರ ಜುಲೈ 8ರಂದು ಲಿಸ್ಬನ್ನಿನಿಂದ ಹೊರಟು, ಆಫ್ರಿಕದ ದಕ್ಷಿಣದ ತುದಿಯನ್ನು ಬಳಸಿ, ಪೂರ್ವತೀರದ ಮಾಲಿಂದಿಯನ್ನು ಸೇರಿದನು. ಅಲ್ಲಿನ ದೊರೆಯು ದಾರಿ ಬಲ್ಲ ನಾವಿಕನೊಬ್ಬನನ್ನು ಒದಗಿಸಿಕೊಟ್ಟನು. 1498ರ ಏಪ್ರಿಲ್ 24ರಂದು ಹೊರಟ ಹಡಗುಗಳಿಗೆ ಮೇ 18ರಂದು ಮಲಬಾರಿನ ಬೆಟ್ಟಗಳು ಕಂಡವು. ಮೇ 20ರಂದು ಅವು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಸುಮಾರು 4,200 ಕಿಲೋಮೀಟರುಗಳ ಕಡಲನ್ನು ದಾಟಲು ಹಿಡಿದುದು 24 ದಿನ.

ಮರಳುವಾಗ ಆದುದೇನು? ಕಾರವಾರದ ಬಳಿಯ ಅಂಜದೀವದಿಂದ ಅಕ್ಟೋಬರ್ 5ರಂದು ಹೊರಟವರಿಗೆ ಆಫ್ರಿಕದ ತೀರ ಕಂಡುದು 1499ರ ಜನವರಿ 2ರಂದು, ಎಂದರೆ 89 ದಿನಗಳ ತರುವಾಯ. ಕಡಲು ಅದೇ, ಹಡಗುಗಳೂ ಅವೇ. ಬೇರೆಯಾದುದು ಗಾಳಿ ಮಾತ್ರ.

ಇದರ ಕಾರಣವನ್ನು ನಮ್ಮ ತೀರದಲ್ಲಿಯೇ ಕಾಣಬಹುದು. ಬಿಸಿಲು ಏರಿದಂತೆ ಮರಳು ಕಾಲು ಸುಡುತ್ತದೆ. ನೀರು ತಣ್ಣಗೇ ಇರುತ್ತದೆ. ನೀರಿನ ಉಷ್ಣಧಾರಕತೆ ಹೆಚ್ಚು. ಅಲ್ಲದೆ ಅಲೆಗಳು ಶಾಖವನ್ನು ಆಳದವರೆಗೆ ಹಂಚುತ್ತವೆ. ನೆಲದ ಮೇಲಣ ಗಾಳಿ ಕಾದು ಹಗುರವಾಗಿ ಮೇಲೇರಲು, ಕಡಲಿನ ತಂಪುಗಾಳಿ ಒಳಕ್ಕೆ ನುಗ್ಗುತ್ತದೆ. ರಾತ್ರಿ ನೆಲವು ಬೇಗನೆ ಆರುವುದರಿಂದ ಗಾಳಿಯ ದಿಕ್ಕು ತಿರುಗುತ್ತದೆ. ಮುಂಜಾವದಲ್ಲಿ ನೆಲಗಾಳಿಯಿಂದ ಹೊರಟು, ಅಪರಾಹ್ನ ಕಡಲಗಾಳಿಯಿಂದ ಮರಳುವುದು ಹಾಯಿದೋಣಿಯ ಬೆಸ್ತರಿಗೆ ಸಹಜವಾದ ಕ್ರಮ.

ಮಳೆಮಾರುತವು ಇದೇ ತತ್ತ್ವದ ಬೃಹದ್ರೂಪ. ಬೇಸಗೆಯಲ್ಲಿ ಏಷ್ಯಾ ಖಂಡವು ಕಾದು, ಅಲ್ಲಿ ವಾಯುವಿನ ಒತ್ತಡ ತಗ್ಗುತ್ತದೆ. ದಕ್ಷಿಣದಿಂದ ಹರಿದುಬರುವ ಗಾಳಿಯು ಭೂಮಿಯ ಆವರ್ತನದಿಂದಾಗಿ ಸಮಭಾಜಕವೃತ್ತವನ್ನು ದಾಟಿದ ಬಳಿಕ ಬಲಕ್ಕೆ ಬಾಗಿ, ನೈಋತ್ಯ ಮಾರುತವಾಗುತ್ತದೆ. ಚಳಿಗಾಲದಲ್ಲಿ ಭೂಖಂಡವು ತಣಿದು, ಈಶಾನ್ಯ ಮಾರುತ ಬೀಸುತ್ತದೆ. ಗಾಮನು ಬರುವಾಗ ನೈಋತ್ಯ ಮಾರುತದ ಆರಂಭಕಾಲ. ಹೊರಡುವಾಗ ಒಂದು ಮಾರುತ ಅಡಗಿ, ಇನ್ನೊಂದು ಬಲಗೊಳ್ಳದಿದ್ದ ಸಂಧಿಕಾಲ. ಎದುರುಗಾಳಿಯೂ ಗಾಳಿಯಿಲ್ಲದ ನಿಶ್ಚಲತೆಯೂ ಹಡಗುಗಳನ್ನು ನಡುಗಡಲಿನಲ್ಲಿ ತಡೆದುವು.

ಈ ವಿಳಂಬಕ್ಕೆ ತೆತ್ತ ಬೆಲೆ ಸಣ್ಣದಲ್ಲ. ತಾಜಾ ಹಣ್ಣು ತರಕಾರಿಗಳಿಲ್ಲದೆ, 'ಸಿ' ಜೀವಸತ್ತ್ವದ ಕೊರತೆಯಿಂದ ಸ್ಕರ್ವಿ ರೋಗ ಹಬ್ಬಿತು. ಒಸಡುಗಳು ಊದಿ, ಅನ್ನವನ್ನು ಅಗಿಯಲೂ ಆಗದೆ, ಆ ದಾಟುವಿಕೆಯೊಂದರಲ್ಲಿಯೇ 30 ಮಂದಿ ಮಡಿದರು. ನಡೆಸುವ ಕೈಗಳು ಸಾಲದೆ 'ಸಾವ್ ರಫಾಯೆಲ್' ಹಡಗನ್ನು ಸುಡಬೇಕಾಯಿತು.

ಗಾಮನು 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಯುರೋಪಿನಿಂದ ಆಫ್ರಿಕವನ್ನು ಬಳಸಿ ಬರುವ ಜಲಮಾರ್ಗವನ್ನು ತೆರೆದವನು ಅವನೆಂಬುದು ನಿಜ. ಆದರೆ ಯಾವ ತಿಂಗಳಿನಲ್ಲಿ ಹಾಯಿ ಬಿಚ್ಚಬೇಕೆಂಬ ವಿದ್ಯೆಯು ಅರಬರಿಗೂ ಗುಜರಾತಿನ ನಾವಿಕರಿಗೂ ಅದಕ್ಕೆ ಬಹಳ ಮೊದಲೇ ತಿಳಿದಿತ್ತು. ಆ ವಿದ್ಯೆಯನ್ನು ಬಲ್ಲವನು ಜೊತೆಯಲ್ಲಿದ್ದಾಗ 24 ದಿನ, ಅದನ್ನು ಕಡೆಗಣಿಸಿದಾಗ 89 ದಿನ. ಈ ಎರಡು ಸಂಖ್ಯೆಗಳ ಅಂತರವನ್ನು ವಿದ್ಯಾರ್ಥಿಗಳು ಮನನ ಮಾಡಬೇಕು.