ಹಲ್ಲು ತಿಕ್ಕುವ ಕೈ ಹಗುರವಾಗಿರಲಿ: ಒತ್ತಡ ಸಂವೇದಕ ಬ್ರಷ್ ಮತ್ತು ವಸಡಿನ ರಕ್ಷಣೆ

(ಆರೋಗ್ಯ ಅಧ್ಯಯನ ಪಾಠ: ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ಪ್ರಾಥಮಿಕ ಶಾಲಾ ಶಿಕ್ಷಕರು, ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಗ್ರಾಮ ಪಂಚಾಯತಿ ಅರಿವು ಕೇಂದ್ರಗಳ ಓದುಗರಿಗಾಗಿ)

1. ಪಾಠದ ಉದ್ದೇಶ

ನಮ್ಮ ಭಾಗದಲ್ಲಿ ‘ಹಲ್ಲು ಉಜ್ಜುವುದು’ ಎನ್ನುವುದಕ್ಕಿಂತ ‘ಹಲ್ಲು ತಿಕ್ಕುವುದು’ ಎಂಬ ಮಾತೇ ಹೆಚ್ಚು ಬಳಕೆಯಲ್ಲಿದೆ. ಪಾತ್ರೆಯನ್ನೂ ತಿಕ್ಕುತ್ತೇವೆ, ಹಲ್ಲನ್ನೂ ತಿಕ್ಕುತ್ತೇವೆ. ಹಿತ್ತಾಳೆಯ ತಂಬಿಗೆಯನ್ನು ಹುಣಸೆಹಣ್ಣು ಮತ್ತು ಬೂದಿ ಹಾಕಿ ಬಲವಾಗಿ ತಿಕ್ಕಿದಷ್ಟೂ ಅದು ಹೊಳೆಯುತ್ತದೆ. ಹಲ್ಲಿನ ವಿಷಯದಲ್ಲಿಯೂ ಇದೇ ನಿಯಮವೆಂದು ಬಹುಮಂದಿ ನಂಬಿದ್ದಾರೆ. ಈ ನಂಬಿಕೆ ತಪ್ಪು. ಅತಿಯಾದ ಒತ್ತಡದಿಂದ ಹಲ್ಲು ಹೆಚ್ಚು ಸ್ವಚ್ಛವಾಗುವುದಿಲ್ಲ. ವಸಡು ಹಿಂದೆ ಸರಿಯುತ್ತದೆ, ಹಲ್ಲಿನ ಬುಡ ಸವೆಯುತ್ತದೆ. ಹೀಗೆ ಸವೆದ ಭಾಗ ಮರಳಿ ಬೆಳೆಯುವುದಿಲ್ಲ.

ಈಚಿನ ವರ್ಷಗಳಲ್ಲಿ ವಿದ್ಯುತ್ ಚಾಲಿತ ಬ್ರಷ್‌ಗಳು ನಗರಗಳಲ್ಲಿ ಮಾತ್ರವಲ್ಲದೆ ತಾಲೂಕು ಕೇಂದ್ರಗಳ ಅಂಗಡಿಗಳಲ್ಲಿಯೂ, ಮೊಬೈಲ್ ಮೂಲಕ ತರಿಸಿಕೊಳ್ಳುವ ಸಾಮಾನುಗಳಲ್ಲಿಯೂ ಕಾಣಿಸಿಕೊಂಡಿವೆ. ಅವುಗಳಲ್ಲಿ ಕೆಲವಕ್ಕೆ ಒತ್ತಡ ಸಂವೇದಕವಿದೆ. ಅದು ಏನು ಮಾಡುತ್ತದೆ, ಯಾರಿಗೆ ಅವಶ್ಯ, ಅದನ್ನು ಕೊಳ್ಳಲಾಗದ ಮನೆಯವರು ಅದೇ ಪ್ರಯೋಜನವನ್ನು ಹೇಗೆ ಪಡೆಯಬಹುದು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ. ಇಲ್ಲಿ ಯಾವುದೇ ಕಂಪನಿಯ ವಸ್ತುವನ್ನು ಶಿಫಾರಸು ಮಾಡಿಲ್ಲ.

2. ಹಲ್ಲಿನ ರಚನೆ ಮತ್ತು ಸವೆತದ ಕಾರಣ

ಬಾಯಿಯಲ್ಲಿ ನಮಗೆ ಕಾಣುವ ಹಲ್ಲಿನ ಬಿಳಿಯ ಹೊದಿಕೆಗೆ ದಂತಕವಚ ಅಥವಾ ಎನಾಮೆಲ್ ಎನ್ನುತ್ತಾರೆ. ತೂಕದಲ್ಲಿ ಇದರ ಸುಮಾರು ಶೇ. 96ರಷ್ಟು ಭಾಗ ಖನಿಜವೇ ಆಗಿದೆ. ಮಾನವ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಆದರೆ ಈ ಕವಚ ಹಲ್ಲಿನ ತುದಿಯಲ್ಲಿ ದಪ್ಪವಾಗಿದ್ದು, ವಸಡಿನ ಅಂಚಿಗೆ ಬರುವಷ್ಟರಲ್ಲಿ ಬಹಳ ತೆಳ್ಳಗಾಗುತ್ತದೆ. ಅದರ ಕೆಳಗಿನ ಬೇರಿನ ಭಾಗಕ್ಕೆ ಈ ಕವಚವೇ ಇಲ್ಲ. ಬೇರಿನ ಮೇಲಿನ ತೆಳುಪದರದ ಒಳಗೆ ಡೆಂಟಿನ್ ಎಂಬ ಮೃದುವಾದ ಭಾಗವಿದೆ. ವಸಡು ತನ್ನ ಸ್ಥಾನದಲ್ಲಿರುವವರೆಗೆ ಬೇರಿಗೆ ಅದೇ ರಕ್ಷಣೆ.

ವಸಡು ಹಿಂದೆ ಸರಿದಾಗ ಬೇರು ಹೊರಗೆ ಕಾಣುತ್ತದೆ. ಡೆಂಟಿನ್‌ನಲ್ಲಿ ಬರಿಗಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮ ನಾಳಗಳಿವೆ. ತಣ್ಣೀರು, ಹುಳಿ, ಸಿಹಿ ಅಥವಾ ಗಾಳಿ ತಗುಲಿದಾಗ ಈ ನಾಳಗಳಲ್ಲಿರುವ ದ್ರವ ಚಲಿಸಿ ಒಳಗಿನ ನರವನ್ನು ಕೆರಳಿಸುತ್ತದೆ. ‘ಹಲ್ಲು ಜುಮ್ಮೆನ್ನುತ್ತದೆ’ ಎಂದು ನಾವು ಹೇಳುವುದು ಇದನ್ನೇ.

ಸವೆತಕ್ಕೆ ಒತ್ತಡವೊಂದೇ ಕಾರಣವಲ್ಲ ಎಂಬುದನ್ನೂ ಗಮನಿಸಬೇಕು. ಬ್ರಷ್ಷಿನ ಎಳೆಗಳು ಮಾತ್ರ ಗಟ್ಟಿ ಭಾಗವನ್ನು ಸವೆಸುವುದು ಅಲ್ಪ. ಅವುಗಳೊಡನೆ ಒರಟಾದ ಪುಡಿ ಸೇರಿದಾಗ ಸವೆತ ಹೆಚ್ಚುತ್ತದೆ. ಬೂದಿ, ಇದ್ದಿಲು, ಇಟ್ಟಿಗೆಪುಡಿ, ಹರಳುಪ್ಪು ಇವುಗಳಿಂದ ಬೆರಳಿನಲ್ಲಾಗಲಿ ಬ್ರಷ್ಷಿನಲ್ಲಾಗಲಿ ತಿಕ್ಕುವುದು ಈ ಕಾರಣಕ್ಕಾಗಿಯೇ ಹಾನಿಕರ. ಹುಳಿ ಪದಾರ್ಥ ಅಥವಾ ಸೋಡಾ ಪಾನೀಯ ಸೇವಿಸಿದ ಕೂಡಲೇ ದಂತಕವಚದ ಮೇಲ್ಪದರ ಕೆಲಕಾಲ ಮೆತ್ತಗಾಗಿರುತ್ತದೆ. ಆಗ ಬಾಯಿ ಮುಕ್ಕಳಿಸಿ, ಕನಿಷ್ಠ ಅರ್ಧ ಗಂಟೆಯ ನಂತರ ಹಲ್ಲುಜ್ಜುವುದು ಒಳಿತು. ಹುಟ್ಟಿನಿಂದಲೇ ತೆಳುವಾದ ವಸಡು, ವಕ್ರವಾದ ಹಲ್ಲು, ವಸಡಿನ ರೋಗ, ತಂಬಾಕು ಸೇವನೆ ಇವೂ ವಸಡು ಸರಿಯಲು ಕಾರಣಗಳು.

3. ಒತ್ತಡ ಏಕೆ ಬೇಕಿಲ್ಲ

ಹಲ್ಲಿನ ಮೇಲೆ ದಿನವೂ ಕೂಡುವ ಸೂಕ್ಷ್ಮಾಣುಗಳ ಅಂಟುಪದರಕ್ಕೆ ದಂತಪಾಚಿ ಎನ್ನಬಹುದು. ಇದು ಮೆತ್ತಗಿನ ವಸ್ತು. ಮೃದು ಎಳೆಗಳ ತುದಿ ತಾಗಿದರೆ ಸಾಕು, ಬಿಟ್ಟುಹೋಗುತ್ತದೆ. ತೆಗೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಜೊಲ್ಲಿನ ಖನಿಜಗಳು ಸೇರಿ ಗಟ್ಟಿಯಾದ ಕಿಟ್ಟವಾಗುತ್ತದೆ. ಕಿಟ್ಟವಾದ ಮೇಲೆ ಎಷ್ಟು ಬಲವಾಗಿ ತಿಕ್ಕಿದರೂ ಅದು ಹೋಗುವುದಿಲ್ಲ. ದಂತವೈದ್ಯರು ಉಪಕರಣದಿಂದಲೇ ತೆಗೆಯಬೇಕು. ಹೀಗಾಗಿ, ಮೆತ್ತಗಿನ ಪಾಚಿಗೆ ಬಲ ಬೇಕಿಲ್ಲ. ಗಟ್ಟಿಯಾದ ಕಿಟ್ಟಕ್ಕೆ ಬಲ ಸಾಲದು. ಎರಡೂ ಸ್ಥಿತಿಗಳಲ್ಲಿ ಒತ್ತಡದಿಂದ ಲಾಭವಿಲ್ಲ.

ಬಲವಾಗಿ ಒತ್ತಿದಾಗ ಎಳೆಗಳ ತುದಿ ಬಾಗಿ, ಅವುಗಳ ಪಕ್ಕೆ ಮಾತ್ರ ಹಲ್ಲಿಗೆ ತಾಗುತ್ತದೆ. ಹಲ್ಲಿನ ಸಂದಿಗೂ ವಸಡಿನ ಅಂಚಿಗೂ ತುದಿ ತಲುಪುವುದಿಲ್ಲ. ಅಂದರೆ ಸವೆತ ಹೆಚ್ಚಿ ಸ್ವಚ್ಛತೆ ಕಡಿಮೆಯಾಗುತ್ತದೆ.

4. ಒತ್ತಡ ಸಂವೇದಕವುಳ್ಳ ವಿದ್ಯುತ್ ಬ್ರಷ್

ವಿದ್ಯುತ್ ಬ್ರಷ್ ಹೊಸ ಕಲ್ಪನೆಯೇನಲ್ಲ. 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಡಾ. ಫಿಲಿಪ್ ಗೀ ವೂಗ್ ಎಂಬುವರು ‘ಬ್ರಾಕ್ಸೋಡೆಂಟ್’ ಎಂಬ ಬ್ರಷ್ ರೂಪಿಸಿದರು. ಕೈಯ ಚಲನೆ ಕಷ್ಟವಾದವರಿಗೆ ಹಾಗೂ ಹಲ್ಲಿಗೆ ತಂತಿ ಹಾಕಿಸಿಕೊಂಡವರಿಗೆ ನೆರವಾಗಲೆಂಬುದು ಮೂಲ ಆಶಯವಾಗಿತ್ತು. ಈಗಿನವು ಮುಖ್ಯವಾಗಿ ಎರಡು ಬಗೆ: ದುಂಡನೆಯ ತಲೆ ಹಿಂದಕ್ಕೂ ಮುಂದಕ್ಕೂ ತಿರುಗುವಂಥದು, ಉದ್ದನೆಯ ತಲೆ ಅತಿವೇಗವಾಗಿ ಕಂಪಿಸುವಂಥದು.

ಸಂವೇದಕದ ಕೆಲಸ ಸರಳವಾದುದು. ಕೆಲವು ಮಾದರಿಗಳಲ್ಲಿ ಬ್ರಷ್ಷಿನ ಕುತ್ತಿಗೆಯನ್ನು ಸ್ಪ್ರಿಂಗಿನ ಮೇಲೆ ಕೂರಿಸಿರುತ್ತಾರೆ. ಮಿತಿ ಮೀರಿ ಒತ್ತಿದಾಗ ಅದು ತುಸು ಬಾಗಿ, ಒಳಗಿನ ಸ್ವಿಚ್ಚು ಅಥವಾ ಅಯಸ್ಕಾಂತದ ಮೂಲಕ ಸಂಕೇತ ಹೊರಡುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ಮೋಟಾರಿನ ಮೇಲೆ ಬಿದ್ದ ಭಾರವನ್ನು ಅದು ಎಳೆಯುವ ವಿದ್ಯುತ್ತಿನಿಂದಲೇ ಅಳೆಯಲಾಗುತ್ತದೆ. ನೀರೆತ್ತುವ ಮೋಟಾರಿಗೆ ಭಾರ ಹೆಚ್ಚಾದಾಗ ಅದು ಹೆಚ್ಚು ಕರೆಂಟು ಎಳೆಯುವುದನ್ನು ರೈತರು ಬಲ್ಲರು; ತತ್ತ್ವ ಅದೇ. ಮಿತಿ ಮೀರಿದ ಕ್ಷಣ ಕೆಂಪು ದೀಪ ಹೊತ್ತುತ್ತದೆ, ಅಥವಾ ಬ್ರಷ್ಷಿನ ಸದ್ದು ಬದಲಾಗುತ್ತದೆ, ಅಥವಾ ಮೋಟಾರಿನ ವೇಗ ತಗ್ಗುತ್ತದೆ. ಕೈ ಸಡಿಲಿಸಿದರೆ ಮತ್ತೆ ಮೊದಲಿನಂತೆ ನಡೆಯುತ್ತದೆ.

ಇದರ ಪ್ರಯೋಜನದ ಬಗ್ಗೆ ಉತ್ಪ್ರೇಕ್ಷೆ ಬೇಡ. ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2014ರಲ್ಲಿ 56 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿತು. ಮೂರು ತಿಂಗಳಿಗೂ ಮೀರಿ ಬಳಸಿದಾಗ, ಸಾಧಾರಣ ಬ್ರಷ್‌ಗಿಂತ ವಿದ್ಯುತ್ ಬ್ರಷ್ ದಂತಪಾಚಿಯನ್ನು ಶೇ. 21ರಷ್ಟೂ ವಸಡಿನ ಉರಿಯೂತವನ್ನು ಶೇ. 11ರಷ್ಟೂ ಹೆಚ್ಚು ತಗ್ಗಿಸಿದ್ದು ಕಂಡುಬಂತು. ಇದು ನಿಜವಾದ ಲಾಭ. ಆದರೆ ಸಾಧಾರಣ ಬ್ರಷ್ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಸರಿಯಾಗಿ ಬಳಸಿದ ಎರಡೂ ಬ್ರಷ್‌ಗಳು ಹಲ್ಲನ್ನು ಕಾಯುತ್ತವೆ.

5. ಯಾರಿಗೆ ಇದು ಉಪಯುಕ್ತ

ಸಂಧಿವಾತದಿಂದ ಬೆರಳು ಮಡಚಲಾಗದವರು, ಪಾರ್ಶ್ವವಾಯುವಿನಿಂದ ಕೈಯ ಹಿಡಿತ ತಪ್ಪಿದವರು, ಕೈ ನಡುಗುವ ಹಿರಿಯರು, ವಿಕಲಚೇತನರು, ಹಾಗೂ ಅವರ ಹಲ್ಲನ್ನು ತಾವೇ ಉಜ್ಜಿಕೊಡುವ ಮನೆಯವರು ಇವರಿಗೆ ವಿದ್ಯುತ್ ಬ್ರಷ್ ದೊಡ್ಡ ನೆರವು. ಇನ್ನೊಬ್ಬರ ಬಾಯಿಯಲ್ಲಿ ಎಷ್ಟು ಒತ್ತುತ್ತಿದ್ದೇವೆಂಬುದು ನಮ್ಮ ಕೈಗೆ ತಿಳಿಯುವುದಿಲ್ಲ. ಅಲ್ಲಿ ಸಂವೇದಕದ ಕೆಂಪು ದೀಪ ನಿಜವಾಗಿಯೂ ಕಾಯುತ್ತದೆ. ಈಗಾಗಲೇ ವಸಡು ಸರಿದು, ಒತ್ತುವ ಚಾಳಿ ಬಿಡಲಾಗದವರಿಗೂ ಇದು ಒಳ್ಳೆಯ ಶಿಕ್ಷಕ.

ಕೊಳ್ಳುವವರು ಮೂರು ಸಂಗತಿ ನೋಡಬೇಕು. ಒಂದು, ಅಗ್ಗದ ಹಲವು ಮಾದರಿಗಳಿಗೆ ಸಂವೇದಕ ಇರುವುದಿಲ್ಲ. ಪೆಟ್ಟಿಗೆಯ ಮೇಲೆ ಓದಿ ಖಚಿತಪಡಿಸಿಕೊಳ್ಳಬೇಕು. ಎರಡು, ಬ್ರಷ್ಷಿನ ತಲೆಯನ್ನು ಮೂರು ತಿಂಗಳಿಗೊಮ್ಮೆ ಬದಲಿಸುವ ಖರ್ಚು ಪ್ರತ್ಯೇಕ. ಆ ತಲೆ ಸ್ಥಳೀಯವಾಗಿ ಸಿಗುವುದೇ ಎಂದು ವಿಚಾರಿಸಬೇಕು. ಮೂರು, ಒಂದೇ ಹಿಡಿಕೆಯನ್ನು ಮನೆಮಂದಿ ಹಂಚಿಕೊಳ್ಳಬಹುದಾದರೂ ತಲೆ ಪ್ರತಿಯೊಬ್ಬರಿಗೂ ಬೇರೆಯೇ ಇರತಕ್ಕದ್ದು.

6. ಯಂತ್ರವಿಲ್ಲದೆ ಒತ್ತಡ ಕಲಿಯುವ ಬಗೆ: ತಕ್ಕಡಿಯ ಅಭ್ಯಾಸ

ಹಲ್ಲುಜ್ಜಲು ಸುಮಾರು 150ರಿಂದ 200 ಗ್ರಾಂ ತೂಕದಷ್ಟು ಒತ್ತಡ ಸಾಕೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಒಂದು ದೊಡ್ಡ ಟೊಮೆಟೊ ಅಂಗೈಯಲ್ಲಿ ಕೂತಾಗ ಆಗುವ ಭಾರ ಇಷ್ಟೇ. ಈ ಅಭ್ಯಾಸವನ್ನು ಶಾಲೆಯಲ್ಲಿ ಅಥವಾ ಸಂಘದ ಸಭೆಯಲ್ಲಿ ಮಾಡಿಸಬಹುದು.

ಅ) ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಸ್ವಚ್ಛ ಕಾಗದ ಹಾಸಿ, ಅಂಕಿಯನ್ನು ಸೊನ್ನೆಗೆ ತನ್ನಿರಿ.
ಆ) ಪ್ರತಿಯೊಬ್ಬರೂ ತಮ್ಮದೇ ಒಣ ಬ್ರಷ್ಷನ್ನು, ದಿನವೂ ಹಲ್ಲುಜ್ಜುವ ಬಲದಿಂದ, ತಕ್ಕಡಿಯ ಮೇಲೆ ಒತ್ತಲಿ. ಅಂಕಿಯನ್ನು ಅವರಿಗೆ ತೋರಿಸದೆ ಬರೆದುಕೊಳ್ಳಿರಿ.
ಇ) ಅನಂತರ ಅಂಕಿ ನೋಡುತ್ತ 150 ಗ್ರಾಂ ಬರುವವರೆಗೆ ಒತ್ತಲು ಹೇಳಿರಿ. ಐದಾರು ಸಲ ಮಾಡಿದರೆ ಕೈಗೆ ಅಳತೆ ಸಿಗುತ್ತದೆ.
ಈ) ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು ಒಮ್ಮೆ, ಪೆನ್ನು ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿದು ಒಮ್ಮೆ ಒತ್ತಿಸಿರಿ. ಎರಡರ ಅಂತರವನ್ನು ಮಕ್ಕಳೇ ಹೇಳಲಿ.

7. ಸರಿಯಾದ ಕ್ರಮ

ಮೃದು ಎಳೆಗಳ ಬ್ರಷ್ ಆರಿಸಿರಿ. ಬ್ರಷ್ಷನ್ನು ಹಲ್ಲು ಮತ್ತು ವಸಡು ಕೂಡುವ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, ಇದ್ದಲ್ಲಿಯೇ ಸಣ್ಣಗೆ ಅಲುಗಿಸಿ, ಅನಂತರ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಸವರಿರಿ. ಗರಗಸ ಎಳೆದಂತೆ ಅಡ್ಡಡ್ಡ ಎಳೆಯಬಾರದು. ಬಾಯಿಯನ್ನು ನಾಲ್ಕು ಭಾಗವೆಂದು ತಿಳಿದು, ಪ್ರತಿ ಭಾಗಕ್ಕೆ ಅರ್ಧ ನಿಮಿಷದಂತೆ ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಬಾರಿ ಉಜ್ಜಿರಿ. ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಬಾರದು. ವಿದ್ಯುತ್ ಬ್ರಷ್ ಬಳಸುವವರು ಕೈಯಿಂದ ತಿಕ್ಕಲೇಬಾರದು. ಹಲ್ಲಿನಿಂದ ಹಲ್ಲಿಗೆ ನಿಧಾನವಾಗಿ ಸರಿಸಿದರೆ ಸಾಕು.

ಫ್ಲೋರೈಡ್ ಇರುವ ಪೇಸ್ಟ್ ಬಳಸುವುದು ಹುಳುಕು ತಡೆಯಲು ಅವಶ್ಯ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಏಳೆಂಟು ವರ್ಷದವರೆಗೆ ಹಿರಿಯರು ಜೊತೆಗಿದ್ದು ಉಜ್ಜಿಸಬೇಕು.

8. ನಮ್ಮ ಭಾಗದ ವಿಶೇಷ ಸಂಗತಿಗಳು

ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ; ಮಲಪ್ರಭೆಯ ದಂಡೆಯಗುಂಟ ಕಬ್ಬು ಬೆಳೆಯುತ್ತದೆ. ಕಬ್ಬು ಸೀಳಿ ತಿನ್ನುವುದು, ದಿನಕ್ಕೆ ಹಲವು ಸಲ ಸಿಹಿ ಚಹಾ ಕುಡಿಯುವುದು ರೂಢಿ. ‘ಸಿಹಿ ತಿಂದೆವು, ಗಟ್ಟಿಯಾಗಿ ತಿಕ್ಕಿದರೆ ಸರಿಹೋಗುತ್ತದೆ’ ಎಂಬ ಮಾತು ಸರಿಯಲ್ಲ. ಸಿಹಿ ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸುವುದು, ತಿನ್ನುವ ಸಲಗಳನ್ನು ಕಡಿಮೆ ಮಾಡುವುದು ಇವೇ ಪರಿಹಾರ.

ಗಡಿಭಾಗದಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಹುರಿದ ತಂಬಾಕಿನ ಪುಡಿಯಾದ ಮಶೇರಿಯನ್ನು ಹಲ್ಲಿಗೆ ಹಚ್ಚಿ ತಿಕ್ಕುವ ಅಭ್ಯಾಸವಿದೆ. ಹಲ್ಲುಪುಡಿ ಮತ್ತು ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ. ಮಶೇರಿ ವಸಡನ್ನು ಕೆಡಿಸುವುದಲ್ಲದೆ ಬಾಯಿಯ ಕ್ಯಾನ್ಸರಿಗೆ ದಾರಿ. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಇದನ್ನು ನಿಂದಿಸದೆ, ಸಮಾಧಾನದಿಂದ ಕೇಳಿ ತಿಳಿಸಬೇಕು. ಬೇವಿನ ಕಡ್ಡಿ, ಜಾಲಿ ಕಡ್ಡಿ ಬಳಸುವ ಹಿರಿಯರು ತುದಿಯನ್ನು ಚೆನ್ನಾಗಿ ಅಗಿದು ಮೃದು ಮಾಡಿಕೊಂಡು, ವಸಡಿಗೆ ಚುಚ್ಚದಂತೆ ಬಳಸಲಿ.

9. ಎಚ್ಚರಿಕೆಯ ಲಕ್ಷಣಗಳು

ಹೊಸ ಬ್ರಷ್ಷಿನ ಎಳೆಗಳು ಮೂರು ತಿಂಗಳಿಗೆ ಮೊದಲೇ ಕೆದರಿ ಬಾಗುವುದು. ಹಲ್ಲು ಮೊದಲಿಗಿಂತ ಉದ್ದವಾಗಿ ಕಾಣುವುದು. ವಸಡಿನ ಹತ್ತಿರ ಉಗುರಿಗೆ ಸಿಗುವಂಥ ಕಚ್ಚು ಬೀಳುವುದು. ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು. ಇವು ಕಂಡರೆ ಕೈ ಹಗುರ ಮಾಡಿ, ದಂತವೈದ್ಯರಿಗೆ ತೋರಿಸಬೇಕು.

ಒಂದು ಮಾತನ್ನು ತಪ್ಪಾಗಿ ತಿಳಿಯಬಾರದು. ಉಜ್ಜುವಾಗ ವಸಡಿನಿಂದ ರಕ್ತ ಬಂದರೆ ಹಲ್ಲುಜ್ಜುವುದನ್ನೇ ನಿಲ್ಲಿಸುವವರಿದ್ದಾರೆ. ರಕ್ತ ಬರುವುದು ಬಹುಮಟ್ಟಿಗೆ ಪಾಚಿ ಕೂತು ವಸಡು ಊದಿದ ಗುರುತು. ಉಜ್ಜುವುದನ್ನು ಬಿಟ್ಟರೆ ರೋಗ ಬೆಳೆಯುತ್ತದೆ. ಹಗುರವಾಗಿ, ಆದರೆ ತಪ್ಪದೆ ಉಜ್ಜಬೇಕು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ತಾಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಬೇಕು. ಎಂ.ಕೆ. ಹುಬ್ಬಳ್ಳಿ ಬೆಳಗಾವಿ ಮತ್ತು ಧಾರವಾಡಗಳ ನಡುವಿನ ಹೆದ್ದಾರಿಯಲ್ಲಿರುವುದರಿಂದ ಎರಡೂ ಊರುಗಳ ದಂತ ವೈದ್ಯಕೀಯ ಕಾಲೇಜುಗಳೂ ಈ ಭಾಗದವರಿಗೆ ದೂರವಲ್ಲ.

10. ಚರ್ಚೆಗೆ ಪ್ರಶ್ನೆಗಳು

1) ದಂತಪಾಚಿಗೂ ಕಿಟ್ಟಕ್ಕೂ ಇರುವ ವ್ಯತ್ಯಾಸವೇನು? ಎರಡಕ್ಕೂ ಬಲವಾದ ತಿಕ್ಕಾಟ ಏಕೆ ನಿಷ್ಪ್ರಯೋಜಕ?
2) ವಸಡು ಸರಿದ ಹಲ್ಲು ತಣ್ಣೀರಿಗೆ ಏಕೆ ಜುಮ್ಮೆನ್ನುತ್ತದೆ?
3) ತಕ್ಕಡಿಯ ಅಭ್ಯಾಸದಲ್ಲಿ ನಿಮ್ಮ ಮೊದಲ ಅಂಕಿ ಎಷ್ಟು? ಹಿಡಿತ ಬದಲಿಸಿದಾಗ ಎಷ್ಟಾಯಿತು?
4) ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ತಮ್ಮ ಹಲ್ಲನ್ನು ತಾವೇ ಉಜ್ಜಿಕೊಳ್ಳಲಾಗದವರು ಯಾರಿದ್ದಾರೆ? ಅವರಿಗೆ ಯಾರು, ಹೇಗೆ ನೆರವಾಗಬಹುದು?

ನಾಲ್ಕನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ಆಶಾ ಕಾರ್ಯಕರ್ತೆಯರು ಗುರುತು ಮಾಡಿಕೊಂಡು, ಮುಂದಿನ ಮನೆ ಭೇಟಿಯಲ್ಲಿ ಅಂಥವರ ಬಾಯಿಯ ಸ್ಥಿತಿಯನ್ನು ವಿಚಾರಿಸುವುದು. ಮಾರ್ಚ್ 20ರ ವಿಶ್ವ ಬಾಯಿ ಆರೋಗ್ಯ ದಿನದಂದು ಶಾಲೆಗಳಲ್ಲಿ ತಕ್ಕಡಿಯ ಅಭ್ಯಾಸವನ್ನು ಮಾಡಿಸಿದರೆ ಮಕ್ಕಳ ಮೂಲಕ ಈ ಪಾಠ ಮನೆಮನೆಗೂ ತಲುಪುವುದು.